ಬೆಳಗಿನ ಮೊದಲ ಹೆಜ್ಜೆ ಮತ್ತು ಹಿಮ್ಮಡಿಯ ನೋವು

ರಾತ್ರಿ ಮಲಗುವಾಗ ಸರಿಯಾಗಿಯೇ ಇದ್ದ ಕಾಲನ್ನು ಬೆಳಿಗ್ಗೆ ನೆಲಕ್ಕೆ ಊರಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಗೋಡೆ ಹಿಡಿದು, ತುದಿಗಾಲಿನಲ್ಲಿ ಕುಂಟುತ್ತ ಬಚ್ಚಲುಮನೆಯವರೆಗೆ ಹೋಗುವಷ್ಟರಲ್ಲಿ ನೋವು ಅರ್ಧಕ್ಕೆ ಇಳಿದಿರುತ್ತದೆ. ತಿಂಡಿಯ ಹೊತ್ತಿಗೆ ಮರೆತೇ ಹೋಗಿರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಒಂದು ಗಂಟೆ ಕುಳಿತು ಎದ್ದರೆ ಮತ್ತೆ ಅದೇ ಮೊಳೆ. ದಿನವಿಡೀ ನಿಂತು ದುಡಿದಿದ್ದರೆ ಸಂಜೆಗೆ ಅದು ಮಂದವಾದ, ಬಿಡದೆ ಕಾಡುವ ನೋವಾಗಿ ಮರಳುತ್ತದೆ. ಈ ಲಕ್ಷಣ ಎಷ್ಟು ನಿರ್ದಿಷ್ಟವಾದದ್ದೆಂದರೆ, ಅನುಭವಿ ವೈದ್ಯರು ಪಾದವನ್ನು ಮುಟ್ಟುವ ಮೊದಲೇ, ರೋಗಿಯ ಮಾತನ್ನು ಕೇಳಿಯೇ ಇದು ಪ್ಲಾಂಟರ್ ಫೇಸಿಯೈಟಿಸ್, ಅಂದರೆ ಅಂಗಾಲಿನೊಳಗಿನ ಪಟ್ಟಿಯೊಂದರ ತೊಂದರೆ, ಇರಬಹುದೆಂದು ಊಹಿಸುತ್ತಾರೆ. ಸುಮಾರು ಹತ್ತು ಜನರಲ್ಲಿ ಒಬ್ಬರನ್ನು ಬದುಕಿನ ಯಾವುದಾದರೊಂದು ಹಂತದಲ್ಲಿ ಕಾಡುವ ಈ ತೊಂದರೆ 40ರಿಂದ 60 ವರ್ಷದೊಳಗಿನವರಲ್ಲಿ ಹೆಚ್ಚು.

ನನ್ನ ಅತ್ತೆಯವರು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ನಿವೃತ್ತಿಗೆ ಮೂರು ವರ್ಷ ಇರುವಾಗ ಅವರಿಗೆ ಈ ನೋವು ಬಂತು. ಎಕ್ಸ್-ರೇ ತೆಗೆಸಿದಾಗ ಹಿಮ್ಮಡಿ ಮೂಳೆಯ ತಳದಲ್ಲಿ ಕೊಕ್ಕೆಯಂತಹ ಒಂದು ಚಾಚು ಕಂಡಿತು. "ಮೂಳೆ ಬೆಳೆದಿದೆ" ಎಂಬ ಒಂದೇ ಮಾತಿನೊಂದಿಗೆ ಅವರು ಮನೆಗೆ ಮರಳಿದರು. ಬೆಳೆದ ಮೂಳೆಯನ್ನು ಕತ್ತರಿಸದೆ ಗುಣವಾಗದು, ನಡೆದಷ್ಟೂ ಅದು ಮಾಂಸಕ್ಕೆ ಚುಚ್ಚುತ್ತದೆ ಎಂದು ಅವರು ತಾವೇ ಅರ್ಥ ಮಾಡಿಕೊಂಡರು. ನಡೆಯುವುದನ್ನು ಬಿಟ್ಟರು, ತೂಕ ಏರಿತು, ನೋವು ಇನ್ನಷ್ಟು ಬಲಿಯಿತು. ಆ ಎಕ್ಸ್-ರೇ ಲಕೋಟೆ ಬಹಳ ಕಾಲ ಬೀರುವಿನ ಮೇಲಿತ್ತು. ಹಿಮ್ಮಡಿ ನೋವಿನ ವಿಷಯದಲ್ಲಿ ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡಿರುವುದು ಈ ಒಂದು ತಪ್ಪು ತಿಳಿವಳಿಕೆಯೇ ಎಂದು ನಾನು ನಂಬಿದ್ದೇನೆ; ಆದ್ದರಿಂದ ಮೊದಲು ಅದನ್ನೇ ಬಿಡಿಸಿ ನೋಡೋಣ.

ಮೂಳೆಯ ಆ ಚಾಚು ನೋವಿರುವ ಅನೇಕರಲ್ಲಿ ಕಾಣುವುದು ನಿಜ. ಆದರೆ ಹಿಮ್ಮಡಿ ನೋವನ್ನೇ ಅರಿಯದ, ಬೇರೆ ಯಾವುದೋ ಕಾರಣಕ್ಕೆ ಪಾದದ ಎಕ್ಸ್-ರೇ ತೆಗೆಸಿಕೊಂಡ ಬಹಳಷ್ಟು ಜನರಲ್ಲಿಯೂ ಅದು ಕಾಣುತ್ತದೆ. ಹಾಗೆಯೇ ತೀವ್ರ ನೋವಿರುವ ಎಷ್ಟೋ ಜನರಲ್ಲಿ ಅದು ಇರುವುದೇ ಇಲ್ಲ. ಇನ್ನೊಂದು ಸಂಗತಿಯೂ ಇದೆ. ಆ ಚಾಚು ಸಾಮಾನ್ಯವಾಗಿ ಇರುವುದು ನೋಯುವ ಪಟ್ಟಿಯೊಳಗಲ್ಲ, ಅದಕ್ಕಿಂತ ಮೇಲಿನ ಪದರದಲ್ಲಿ, ಕಾಲ್ಬೆರಳುಗಳನ್ನು ಮಡಿಸುವ ಪುಟ್ಟ ಸ್ನಾಯು ಹುಟ್ಟುವ ಜಾಗದಲ್ಲಿ. ನೋವು ಪೂರ್ತಿ ಮಾಯವಾದ ಮೇಲೆ ಮತ್ತೆ ಎಕ್ಸ್-ರೇ ತೆಗೆದರೆ ಅದೇ ಚಾಚು ಅಲ್ಲಿಯೇ ಇರುತ್ತದೆ. ವರ್ಷಗಟ್ಟಲೆ ಬಿದ್ದ ಭಾರಕ್ಕೆ ಮೂಳೆ ತೋರಿದ ಪ್ರತಿಕ್ರಿಯೆಯ ಗುರುತು ಅದು. ಅದನ್ನು ನೋಡಿ ಹೆದರಬೇಕಾಗಿಲ್ಲ.

ಹಾಗಾದರೆ ನೋಯುವುದು ಏನು? ಅಂಗಾಲಿನ ಚರ್ಮ ಮತ್ತು ಕೊಬ್ಬಿನ ಮೆತ್ತೆಯ ಕೆಳಗೆ, ಹಿಮ್ಮಡಿ ಮೂಳೆಯ ಒಳಬದಿಯ ಉಬ್ಬಿನಿಂದ ಹೊರಟು ಐದು ಕವಲಾಗಿ ಒಡೆದು ಬೆರಳುಗಳ ಬುಡವನ್ನು ಸೇರುವ ಗಟ್ಟಿಯಾದ ಬಿಳಿಯ ಪಟ್ಟಿಯೊಂದಿದೆ. ಪ್ಲಾಂಟರ್ ಫೇಸಿಯಾ ಎಂದು ಕರೆಯುವುದು ಇದನ್ನೇ. ಇಲ್ಲಿ ಅಂಗಾಲಿನ ಪಟ್ಟಿ ಎನ್ನೋಣ. ಪಾದದಲ್ಲಿ 26 ಮೂಳೆಗಳಿವೆ, ಅವು ಕಮಾನಿನ ಆಕಾರದಲ್ಲಿ ಜೋಡಣೆಯಾಗಿವೆ. ಬಿಲ್ಲಿನ ಎರಡು ತುದಿಗಳನ್ನು ಹೆದೆ ಎಳೆದು ಹಿಡಿಯುವಂತೆ ಈ ಪಟ್ಟಿ ಕಮಾನಿನ ಎರಡು ತುದಿಗಳನ್ನು ಹಿಡಿದಿಟ್ಟಿದೆ. ನಾವು ನಿಂತಾಗ ಮೈಭಾರ ಕಮಾನನ್ನು ಚಪ್ಪಟೆಯಾಗಿಸಲು ನೋಡುತ್ತದೆ, ಪಟ್ಟಿ ಬಿಗಿದು ಅದನ್ನು ತಡೆಯುತ್ತದೆ.

ನಡೆಯುವಾಗ ಅದರ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಮೇಲೆದ್ದು ಬೆರಳುಗಳು ಮೇಲಕ್ಕೆ ಬಾಗುತ್ತವೆಯಷ್ಟೆ. ಆಗ ಪಟ್ಟಿಯು ಬೆರಳಿನ ಬುಡದ ಗಂಟುಗಳ ಸುತ್ತ ಸುತ್ತಿಕೊಳ್ಳುತ್ತದೆ. ಬಾವಿಯ ರಾಟೆಗೆ ಹಗ್ಗ ಸುತ್ತಿದಷ್ಟೂ ಕೊಡ ಮೇಲೇರುವಂತೆ, ಪಟ್ಟಿ ಸುತ್ತಿಕೊಂಡಷ್ಟೂ ಕಮಾನು ಮೇಲೇರಿ ಪಾದ ಗಟ್ಟಿಯಾದ ಸನ್ನೆಗೋಲಾಗುತ್ತದೆ, ದೇಹವನ್ನು ಮುಂದಕ್ಕೆ ನೂಕುತ್ತದೆ. ಈ ರಾಟೆಯ ತತ್ತ್ವವನ್ನು 1954ರಲ್ಲಿ ಹಿಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ವಿವರಿಸಿದರು. ಅದನ್ನು ನೀವೇ ನೋಡಬಹುದು: ಪಾದವನ್ನು ನೆಲದ ಮೇಲಿಟ್ಟು ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆ ಬಗ್ಗಿಸಿದರೆ ಪಾದದ ಒಳಬದಿಯ ಕಮಾನು ತಾನಾಗಿಯೇ ಏಳುತ್ತದೆ. ದಿನಕ್ಕೆ ಸಾವಿರಾರು ಬಾರಿ ನಡೆಯುವ ಈ ಎಳೆತದ ಹೊಡೆತವೆಲ್ಲ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಚಿಕ್ಕ ಜಾಗಕ್ಕೆ ಬೀಳುತ್ತದೆ. ಹಿಮ್ಮಡಿಯ ಒಳಬದಿಯ ಮುಂಭಾಗದಲ್ಲಿ ಬೆರಳಿಟ್ಟು ಒತ್ತಿದಾಗ "ಇಲ್ಲೇ" ಎಂದು ರೋಗಿ ಕಾಲೆಳೆದುಕೊಳ್ಳುವ ಜಾಗ ಅದೇ.

ಬೆಳಗಿನ ಮೊದಲ ಹೆಜ್ಜೆಯೇ ಏಕೆ ಅಷ್ಟು ನೋಯುತ್ತದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ನಿದ್ದೆಯಲ್ಲಿ ಪಾದ ಕೆಳಕ್ಕೆ ಚಾಚಿಕೊಂಡಿರುತ್ತದೆ, ಮೀನಖಂಡವೂ ಅಂಗಾಲಿನ ಪಟ್ಟಿಯೂ ಸಡಿಲಗೊಂಡು ಕುಗ್ಗಿರುತ್ತವೆ. ಆರೇಳು ಗಂಟೆ ಹಾಗೆ ಇದ್ದು ಪೆಡಸಾದ ಪಟ್ಟಿಯ ಮೇಲೆ ಒಮ್ಮೆಲೇ ಮೈಭಾರವೆಲ್ಲ ಬಿದ್ದಾಗ ಹಾನಿಗೊಂಡ ಜಾಗ ಎಳೆದಂತಾಗಿ ನೋಯುತ್ತದೆ. ಹತ್ತಿಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ಪಟ್ಟಿ ಮತ್ತೆ ಹಿಗ್ಗುತ್ತದೆ.

ಈ ರೋಗದ ಹೆಸರಿನಲ್ಲಿಯೇ ಒಂದು ತಪ್ಪು ಅಡಗಿದೆ. "ಐಟಿಸ್" ಎಂದು ಕೊನೆಯಾಗುವ ವೈದ್ಯಕೀಯ ಪದಗಳು ಉರಿಯೂತವನ್ನು ಸೂಚಿಸುತ್ತವೆ. ಆದರೆ 2003ರಲ್ಲಿ ಅಮೆರಿಕದ ಪಾದತಜ್ಞರು ಈ ನೋವಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 50 ಪ್ರಕರಣಗಳ ಅಂಗಾಂಶಗಳನ್ನು ಪರಿಶೀಲಿಸಿದಾಗ ಅವರಿಗೆ ಕಂಡದ್ದು ಉರಿಯೂತವಲ್ಲ, ಸವೆತ. ಸಾಲಾಗಿ ಹೆಣೆದುಕೊಂಡಿರಬೇಕಾದ, ಪಟ್ಟಿಗೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಅಸ್ತವ್ಯಸ್ತವಾಗಿದ್ದವು, ಅಂಗಾಂಶ ಅಲ್ಲಲ್ಲಿ ಶಿಥಿಲವಾಗಿತ್ತು. ದಿನನಿತ್ಯದ ಸೂಕ್ಷ್ಮ ಸೀಳುಗಳನ್ನು ದೇಹ ರಿಪೇರಿ ಮಾಡುವ ವೇಗಕ್ಕಿಂತ ಹೊಸ ಸೀಳುಗಳಾಗುವ ವೇಗ ಹೆಚ್ಚಾದಾಗ ಪಟ್ಟಿ ದಪ್ಪವಾಗುತ್ತದೆ, ದುರ್ಬಲವಾಗುತ್ತದೆ. ಸಾಮಾನ್ಯವಾಗಿ 4 ಮಿಲಿಮೀಟರಿಗಿಂತ ತೆಳುವಾಗಿರುವ ಈ ಪಟ್ಟಿ ರೋಗಿಗಳ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಅದಕ್ಕಿಂತ ದಪ್ಪವಾಗಿ ಕಾಣುತ್ತದೆ. ಉರಿಯೂತವನ್ನು ತಗ್ಗಿಸುವ ಮಾತ್ರೆಗಳು ತಾತ್ಕಾಲಿಕ ಆರಾಮವನ್ನಷ್ಟೇ ಕೊಡುವುದು ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸವೆದ ಪಟ್ಟಿಗೆ ಬೇಕಾದದ್ದು ಎರಡು: ಅದು ತಾಳಿಕೊಳ್ಳುವಷ್ಟಕ್ಕೆ ಭಾರವನ್ನು ಇಳಿಸುವುದು, ಆ ಬಳಿಕ ಅದರ ತಾಳಿಕೆಯನ್ನೇ ನಿಧಾನವಾಗಿ ಏರಿಸುವುದು. ಮುಂದೆ ಹೇಳುವ ಚಿಕಿತ್ಸೆಯೆಲ್ಲ ಈ ಎರಡರ ವಿಸ್ತರಣೆಯೇ.

ಭಾರ ಹೆಚ್ಚಾಗುವ ಬಗೆಗಳು ಹಲವು. ದೇಹದ ತೂಕ ಮೊದಲನೆಯದು. ಗಂಟೆಗಟ್ಟಲೆ ನಿಂತು ಮಾಡುವ ಕೆಲಸ ಎರಡನೆಯದು: ಟ್ರಾಫಿಕ್ ಪೊಲೀಸರು, ಬಸ್ ಕಂಡಕ್ಟರುಗಳು, ನರ್ಸ್‌ಗಳು, ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ಮೇಜಿನ ಮುಂದೆ ನಿಲ್ಲುವ ಹೆಣ್ಣುಮಕ್ಕಳು, ಶಿಕ್ಷಕರು, ಮನೆಯಲ್ಲಿ ಬೆಳಿಗ್ಗೆ ಐದರಿಂದ ಅಡುಗೆಕಟ್ಟೆಯ ಮುಂದೆ ನಿಂತೇ ಇರುವ ತಾಯಂದಿರು. ಈ ಕೊನೆಯವರನ್ನು ಯಾರೂ "ನಿಂತು ಕೆಲಸ ಮಾಡುವವರು" ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ವೈದ್ಯರ ಮುಂದೆ ಅವರೂ ಹೇಳಿಕೊಳ್ಳುವುದಿಲ್ಲ. ಬಿಗಿಯಾದ ಮೀನಖಂಡ ಮೂರನೆಯದು. ಪಾದ ಮೇಲಕ್ಕೆ ಸಾಕಷ್ಟು ಬಾಗದಿದ್ದರೆ ಪ್ರತಿ ಹೆಜ್ಜೆಯಲ್ಲಿಯೂ ಆ ಕೊರತೆಯನ್ನು ಅಂಗಾಲಿನ ಪಟ್ಟಿ ತುಂಬಬೇಕಾಗುತ್ತದೆ. ಚಪ್ಪಟೆ ಪಾದವಿರುವವರಿಗೂ ಅತಿ ಎತ್ತರದ ಕಮಾನಿರುವವರಿಗೂ ತೊಂದರೆ ಬರಬಹುದು. ಇವೆಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದ್ದಕ್ಕಿದ್ದಂತೆ ಏರಿದ ಭಾರ: ವರ್ಷವಿಡೀ ಕುಳಿತಿದ್ದವರು ಜನವರಿ ಒಂದರಿಂದ ದಿನಕ್ಕೆ ಆರು ಕಿಲೋಮೀಟರ್ ಓಡತೊಡಗುವುದು, ಅಥವಾ ಅಭ್ಯಾಸವೇ ಇಲ್ಲದೆ ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು.

ನಮ್ಮ ಮನೆಗಳ ನೆಲವನ್ನೂ ಇಲ್ಲಿ ನೆನೆಯಬೇಕು. ಒಳಗೆ ಚಪ್ಪಲಿ ಹಾಕದ ನಮ್ಮ ಪದ್ಧತಿ ಮಣ್ಣಿನ ನೆಲದ ಕಾಲದಲ್ಲಿ ರೂಢಿಗೆ ಬಂದದ್ದು. ಈಗ ಅದೇ ಬರಿಗಾಲು ದಿನವಿಡೀ ಗ್ರಾನೈಟ್ ಮತ್ತು ಟೈಲ್ಸ್ ಮೇಲೆ ಓಡಾಡುತ್ತದೆ. ಹಿಮ್ಮಡಿಯ ಕೊಬ್ಬಿನ ಮೆತ್ತೆ ವಯಸ್ಸಾದಂತೆ ತನ್ನ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳುವುದರಿಂದ ಐವತ್ತು ದಾಟಿದವರಿಗೆ ಈ ಗಡಸುತನ ಹೆಚ್ಚು ತಟ್ಟುತ್ತದೆ. ಪದ್ಧತಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಳಗೆ ಮಾತ್ರ ಬಳಸುವ, ಹಿಮ್ಮಡಿಯಲ್ಲಿ ತುಸು ಎತ್ತರವಿರುವ ಮೆತ್ತನೆಯ ಚಪ್ಪಲಿಯೊಂದನ್ನು ಬೇರೆಯೇ ಇಟ್ಟುಕೊಂಡು, ಬೆಳಿಗ್ಗೆ ಮಂಚದಿಂದ ಇಳಿಯುವಾಗಲೇ ಅದರೊಳಗೆ ಕಾಲಿಡುವುದರಿಂದ ಮಡಿಗೂ ಭಂಗವಿಲ್ಲ, ಹಿಮ್ಮಡಿಗೂ ನೆಮ್ಮದಿ. ಅಂಗಡಿಗಳಲ್ಲಿ ಎಂಸಿಆರ್ ಚಪ್ಪಲಿ ಎಂದು ಕೇಳಿದರೆ ಸಿಗುವ ಮೃದು ರಬ್ಬರಿನವು ಈ ಕೆಲಸಕ್ಕೆ ಸಾಕು. ಸವೆದು ಕಾಗದದಂತಾದ ಹವಾಯಿ ಚಪ್ಪಲಿ ಸಾಲದು. ಅಡುಗೆಕಟ್ಟೆಯ ಮುಂದೆ ದಪ್ಪನೆಯ ಮ್ಯಾಟ್ ಹಾಸಿಕೊಳ್ಳುವುದೂ ಒಳ್ಳೆಯದು. ಹೊರಗೆ ಹೋಗುವಾಗ ಶೂ ಒಳಗೆ ಇಡುವ ಸಿಲಿಕೋನ್ ಹಿಮ್ಮಡಿ ಮೆತ್ತೆಗಳು, ಕಮಾನಿಗೆ ಆಧಾರ ಕೊಡುವ ಸಿದ್ಧ ಒಳಹಾಸುಗಳು ಹಲವರಿಗೆ ಆರಾಮ ಕೊಡುತ್ತವೆ. ಪಾದದ ಅಚ್ಚು ತೆಗೆದು ಸಾವಿರಾರು ರೂಪಾಯಿಗೆ ಮಾಡಿಕೊಡುವ ಒಳಹಾಸುಗಳು ಇವುಗಳಿಗಿಂತ ಗಮನಾರ್ಹವಾಗಿ ಮೇಲೆಂದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲವಾದ್ದರಿಂದ ಮೊದಲೇ ಅಷ್ಟು ಹಣ ಸುರಿಯಬೇಕಾಗಿಲ್ಲ.

ಇನ್ನು ವ್ಯಾಯಾಮ. ಚಿಕಿತ್ಸೆಯ ತಿರುಳು ಇದು, ಮತ್ತು ಇದಕ್ಕೆ ಖರ್ಚಿಲ್ಲ. ಮೊದಲನೆಯದು ಅಂಗಾಲಿನ ಪಟ್ಟಿಯನ್ನೇ ಗುರಿಯಾಗಿಸಿದ ಎಳೆತ. ಕುಳಿತುಕೊಂಡು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಅದೇ ಬದಿಯ ಕೈಯಿಂದ ಬೆರಳುಗಳ ಬುಡವನ್ನು ಹಿಡಿದು ಮೊಣಕಾಲಿನ ಕಡೆಗೆ ಬಗ್ಗಿಸಬೇಕು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲನ್ನು ಸವರಿದರೆ ಪಟ್ಟಿ ತಂಬೂರಿಯ ತಂತಿಯಂತೆ ಬಿಗಿದಿರುವುದು ತಿಳಿಯುತ್ತದೆ. ಹಾಗೆ ತಿಳಿದರೆ ಎಳೆತ ಸರಿಯಾಗಿದೆ ಎಂದರ್ಥ. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು, ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಇದರಲ್ಲಿ ಮೊದಲನೆಯ ಸಲ ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲು, ಹಾಸಿಗೆಯ ಮೇಲೆಯೇ ಆಗಬೇಕು ಎಂಬುದನ್ನು ಮರೆಯಬಾರದು. ಹತ್ತು ತಿಂಗಳಿಗೂ ಹೆಚ್ಚು ಕಾಲ ನೋವಿನಿಂದ ಬಳಲಿದ್ದ 101 ಜನರನ್ನು ಆಯ್ದುಕೊಂಡು ಅಮೆರಿಕದಲ್ಲಿ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟು ವಾರಗಳ ಬಳಿಕ ಈ ಎಳೆತವನ್ನು ಮಾಡಿದವರು ಮೀನಖಂಡವನ್ನು ಮಾತ್ರ ಎಳೆದವರಿಗಿಂತ ಹೆಚ್ಚು ಸುಧಾರಿಸಿದ್ದರು. ಹಾಗೆಂದು ಮೀನಖಂಡವನ್ನು ಬಿಡಬೇಕಾಗಿಲ್ಲ: ಗೋಡೆಗೆ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಏಳದಂತೆ ಮುಂದಕ್ಕೆ ಬಾಗಿ ಅರ್ಧ ನಿಮಿಷ ನಿಲ್ಲುವುದು, ಮೊದಲು ಮೊಣಕಾಲನ್ನು ನೇರವಾಗಿಟ್ಟು, ಆಮೇಲೆ ತುಸು ಮಡಿಸಿ.

ಎರಡನೆಯದು ಬಲ ತುಂಬುವ ವ್ಯಾಯಾಮ. ಇದನ್ನು ಡೆನ್ಮಾರ್ಕಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಮುನ್ನೆಲೆಗೆ ತಂದಿತು. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು, ಹಿಮ್ಮಡಿಯನ್ನು ಹೊರಗೆ ಬಿಡಬೇಕು. ಟವೆಲ್ ಏಕೆಂದರೆ, ಅದು ಬೆರಳುಗಳನ್ನು ಮೇಲಕ್ಕೆ ಬಾಗಿಸಿ, ಮೇಲೆ ಹೇಳಿದ ರಾಟೆಯನ್ನು ಬಿಗಿಗೊಳಿಸುತ್ತದೆ. ಮೂರು ಸೆಕೆಂಡಿನಲ್ಲಿ ನಿಧಾನವಾಗಿ ತುದಿಗಾಲಿಗೆ ಏರಿ, ಎರಡು ಸೆಕೆಂಡ್ ನಿಂತು, ಮತ್ತೆ ಮೂರು ಸೆಕೆಂಡಿನಲ್ಲಿ ಇಳಿಯಬೇಕು. ಹನ್ನೆರಡು ಬಾರಿಯ ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿ ಕಾಲಿನಲ್ಲಿ ಆಗದವರು ಎರಡೂ ಕಾಲಿನಿಂದ ಆರಂಭಿಸಬಹುದು. ಎರಡು ವಾರಗಳ ನಂತರ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಕೊಂಡು ಭಾರವನ್ನು ಏರಿಸುತ್ತ, ಏರಿಕೆಗಳನ್ನು ಹತ್ತಕ್ಕೆ, ಮುಂದೆ ಎಂಟಕ್ಕೆ ಇಳಿಸಿ, ಸುತ್ತುಗಳನ್ನು ನಾಲ್ಕಕ್ಕೆ, ಐದಕ್ಕೆ ಹೆಚ್ಚಿಸಬೇಕು. ಮೂರು ತಿಂಗಳಲ್ಲಿ ಹೀಗೆ ಮಾಡಿದವರ ಸುಧಾರಣೆ ಎಳೆತ ಮಾತ್ರ ಮಾಡಿದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ವರ್ಷ ಕಳೆಯುವ ವೇಳೆಗೆ ಎರಡು ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಮಾಡುವಾಗ ತುಸು ನೋವಾದರೆ ಗಾಬರಿ ಬೇಡ. ಮರುದಿನ ಬೆಳಗಿನ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಹೆಚ್ಚು ನೋಯಿತೇ ಎಂಬುದೇ ಅಳತೆಗೋಲು: ಹೆಚ್ಚು ನೋಯಿತೆಂದರೆ ಭಾರ ಇಳಿಸಿ, ಇಲ್ಲವಾದರೆ ಮುಂದುವರಿಸಿ.

ಪೂರ್ಣ ವಿಶ್ರಾಂತಿ ಮದ್ದಲ್ಲ. ಭಾರವೇ ಬೀಳದ ಪಟ್ಟಿ ಇನ್ನಷ್ಟು ದುರ್ಬಲವಾಗುತ್ತದೆ. ಓಟ, ಜಿಗಿತಗಳನ್ನು ಕೆಲವು ವಾರ ನಿಲ್ಲಿಸಿ ಸೈಕಲ್ ಅಥವಾ ಈಜಿನ ಕಡೆಗೆ ತಿರುಗಬಹುದು, ಒಂದೇ ಸಲ ಆರು ಕಿಲೋಮೀಟರ್ ನಡೆಯುವುದರ ಬದಲು ಎರಡೆರಡು ಕಿಲೋಮೀಟರಿನಂತೆ ಮೂರು ಹೊತ್ತು ನಡೆಯಬಹುದು. ತೂಕ ಹೆಚ್ಚಿದ್ದರೆ ಕೆಲವು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಯಲ್ಲಿ ಅದರ ಲಾಭ ಸಿಗುತ್ತದೆ.

ಮನೆಮದ್ದಿನ ಮಾತು ಬಂದಾಗ ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರುವುದು. ಆಯುರ್ವೇದವೂ ಈ ಬಗೆಯ ನೋವನ್ನು ಬಹಳ ಹಿಂದೆಯೇ ಗುರುತಿಸಿದೆ. ಸುಶ್ರುತ ಸಂಹಿತೆಯಲ್ಲಿ ಕಾಲನ್ನು ಏರುಪೇರಾಗಿ ಊರುವುದರಿಂದ ಬರುವ ವಾತಕಂಟಕ ಎಂಬ ಪಾದದ ನೋವಿನ ವಿವರಣೆಯಿದೆ. ಹದವಾದ ಶಾಖ ಸ್ನಾಯುಗಳನ್ನು ಸಡಿಲಿಸಿ ಹಿತ ಕೊಡುವುದು ನಿಜ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಇದನ್ನು ಎಂದಿಗೂ ಮಾಡಬಾರದು. ಬೆಂದದ್ದು ಅವರಿಗೆ ತಿಳಿಯುವುದೇ ಇಲ್ಲ, ಸಣ್ಣ ಬೊಬ್ಬೆ ಮಾಯದ ಹುಣ್ಣಾಗಿ ಕಾಲನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ ಎಂಬುದೂ ನೆನಪಿರಲಿ. ಸಂಜೆಯ ನೋವಿಗೆ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಮಾಡಿದ ಬಾಟಲಿಯನ್ನು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುವುದು ಸರಳವಾದ ಉಪಾಯ, ಸಕ್ಕರೆ ಕಾಯಿಲೆಯವರು ಅದರಲ್ಲಿಯೂ ಎಚ್ಚರದಿಂದಿರಬೇಕು. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ರಕ್ತದೊತ್ತಡ ಇರುವವರು ಔಷಧದಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ಹಿಮ್ಮಡಿ ನೋವಿಗಿಂತ ದೊಡ್ಡ ಕೇಡು.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಕೆಲವು ವಾರಗಳ ಮಟ್ಟಿಗೆ ನೋವನ್ನು ಚೆನ್ನಾಗಿಯೇ ಇಳಿಸುತ್ತದೆ. ಅದರಾಚೆಗೆ ಅದರ ಲಾಭ ಕರಗುತ್ತ ಹೋಗುತ್ತದೆ. ಪದೇ ಪದೇ ಹಾಕಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ, ಪಟ್ಟಿಯೇ ಹರಿಯುವ ಅಪಾಯವಿದೆ. ಮಗಳ ಮದುವೆ ಹತ್ತಿರದಲ್ಲಿದೆ, ಎರಡು ವಾರ ನಿಂತು ಓಡಾಡಲೇಬೇಕು ಎನ್ನುವಂತಹ ಸಂದರ್ಭದಲ್ಲಿ ವೈದ್ಯರ ಸಲಹೆಯಂತೆ ಒಂದು ಇಂಜೆಕ್ಷನ್ ಸಮಂಜಸವೇ. ವ್ಯಾಯಾಮವನ್ನೇ ಮಾಡದೆ ವರ್ಷಕ್ಕೆ ಮೂರು ನಾಲ್ಕು ಬಾರಿ ಹಾಕಿಸಿಕೊಳ್ಳುವುದು ಮಾತ್ರ ಒಪ್ಪತಕ್ಕದ್ದಲ್ಲ. ಪಾದವನ್ನು ಲಂಬಕೋನದಲ್ಲಿ ಹಿಡಿದಿಡುವ, ರಾತ್ರಿ ಕಾಲಿಗೆ ಕಟ್ಟಿಕೊಂಡು ಮಲಗುವ ಆಸರೆಗಳು (ನೈಟ್ ಸ್ಪ್ಲಿಂಟ್) ಬೆಳಗಿನ ನೋವಿಗೆ ಕೆಲವರಿಗೆ ನೆರವಾಗುತ್ತವೆ, ನಿದ್ದೆಗೆ ಅಡ್ಡಿಯೆಂದು ಬಹಳಷ್ಟು ಜನ ಕಿತ್ತೆಸೆಯುತ್ತಾರೆ. ಆರು ತಿಂಗಳಾದರೂ ಜಗ್ಗದ ನೋವಿಗೆ, ಹೊರಗಿನಿಂದಲೇ ನೋಯುವ ಜಾಗಕ್ಕೆ ಒತ್ತಡದ ಅಲೆಗಳನ್ನು ಹಾಯಿಸುವ ಆಘಾತ ತರಂಗ ಚಿಕಿತ್ಸೆಯನ್ನು ಪರಿಗಣಿಸಬಹುದು; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ 2000ದಲ್ಲಿ ಅನುಮತಿ ನೀಡಿತು. ಪಟ್ಟಿಯ ಒಂದು ಭಾಗವನ್ನು ಕತ್ತರಿಸಿ ಸಡಿಲಿಸುವ ಶಸ್ತ್ರಚಿಕಿತ್ಸೆ ಬೇಕಾಗುವುದು ತೀರ ಕೆಲವರಿಗೆ ಮಾತ್ರ. ಬಿಲ್ಲಿನ ಹೆದೆಯನ್ನು ಸಡಿಲಿಸಿದರೆ ಕಮಾನು ಕುಸಿಯಬಹುದೆಂಬ ಕಾರಣಕ್ಕೆ ತಜ್ಞರೂ ಅದಕ್ಕೆ ಆತುರಪಡುವುದಿಲ್ಲ.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಉರಿ, ಜೋಮು, ವಿದ್ಯುತ್ ಹರಿದಂತಹ ನೋವು ಇದ್ದರೆ ನರ ಒತ್ತಿಕೊಂಡಿರಬಹುದು, ಅದರ ಮೂಲ ಸೊಂಟದಲ್ಲಿಯೂ ಇರಬಹುದು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳಲ್ಲಿ ಹಿಸುಕಿದಾಗ ತೀವ್ರವಾಗಿ ನೋಯುತ್ತಿದ್ದರೆ, ನಡೆದಷ್ಟೂ ಇಳಿಯದೆ ಏರುತ್ತಿದ್ದರೆ, ಮೂಳೆಯಲ್ಲಿ ಸೀಳು ಬಿಟ್ಟಿರಬಹುದು. ಎಂಟರಿಂದ ಹದಿನಾಲ್ಕು ವರ್ಷದ, ಆಟವಾಡುವ ಮಕ್ಕಳ ಹಿಮ್ಮಡಿ ನೋವು ಸಾಮಾನ್ಯವಾಗಿ ಮೂಳೆ ಬೆಳೆಯುವ ಭಾಗದ್ದು, ಅದರ ದಾರಿಯೇ ಬೇರೆ. ಮೂವತ್ತರೊಳಗಿನವರಿಗೆ ಎರಡೂ ಹಿಮ್ಮಡಿಗಳಲ್ಲಿ ನೋವಿದ್ದು, ಜೊತೆಗೆ ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆನ್ನು ಸೆಟೆದುಕೊಂಡಿರುತ್ತಿದ್ದರೆ ಬೆನ್ನುಮೂಳೆಯ ಸಂಧಿವಾತವನ್ನು ಪರೀಕ್ಷಿಸಲೇಬೇಕು. ಇದು ತಪ್ಪಿಹೋಗುವುದರಿಂದ ಎಷ್ಟೋ ಯುವಕರು ಚಿಕಿತ್ಸೆಯ ಅಮೂಲ್ಯ ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ಜ್ವರ, ಊತ, ಕೆಂಪು, ಮಲಗಿದಾಗಲೂ ಬಿಡದ ನೋವು ಇದ್ದರೆ ಮನೆಯಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಗುಣವಾಗಲು ಎಷ್ಟು ಕಾಲ ಬೇಕು? ಹತ್ತರಲ್ಲಿ ಎಂಟು ಒಂಬತ್ತು ಜನ ಶಸ್ತ್ರಚಿಕಿತ್ಸೆಯಿಲ್ಲದೆ ಸುಧಾರಿಸುತ್ತಾರೆ, ಆದರೆ ಹಲವರಿಗೆ ಅದು ಹತ್ತು ಹನ್ನೆರಡು ತಿಂಗಳ ದಾರಿ. ಮೂರನೆಯ ವಾರದಲ್ಲಿ "ಏನೂ ಆಗಲಿಲ್ಲ" ಎಂದು ವ್ಯಾಯಾಮ ಬಿಡುವವರೇ ಹೆಚ್ಚು. ನನ್ನ ಅತ್ತೆಯವರಿಗೆ ಫಿಸಿಯೋಥೆರಪಿಸ್ಟ್ ಒಬ್ಬರು ಎಕ್ಸ್-ರೇ ಪಕ್ಕಕ್ಕಿಟ್ಟು ಟವೆಲ್ ಕೈಗೆ ಕೊಟ್ಟರು. ಎರಡನೆಯ ತಿಂಗಳಿನಲ್ಲಿ ಗೋಡೆ ಹಿಡಿಯುವುದು ನಿಂತಿತು, ಏಳನೆಯ ತಿಂಗಳಿನಲ್ಲಿ ಅವರು ಪ್ರಾರ್ಥನೆಯ ಸಾಲಿನ ಮುಂದೆ ಪೂರ್ತಿ ನಿಲ್ಲತೊಡಗಿದರು. ನೋವು ಹೋದ ಮೇಲೂ ವಾರಕ್ಕೆರಡು ಬಾರಿ ಮೆಟ್ಟಿಲಿನ ವ್ಯಾಯಾಮವನ್ನು ಮುಂದುವರಿಸುವುದು ಒಳ್ಳೆಯದು, ಏಕೆಂದರೆ ಈ ನೋವು ಮರುಕಳಿಸುವ ಸ್ವಭಾವದ್ದು. ಮುಂದಿನ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವ ಹರಕೆ ಹೊತ್ತವರು ದೀಪಾವಳಿಯ ಹೊತ್ತಿಗೇ ಅಭ್ಯಾಸ ಆರಂಭಿಸಿ, ವಾರ ವಾರವೂ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರೆ, ಅಂಗಾಲಿನ ಪಟ್ಟಿಗೆ ಹೊಸ ಭಾರಕ್ಕೆ ಒಗ್ಗಿಕೊಳ್ಳಲು ಸುಮಾರು ನಾಲ್ಕು ತಿಂಗಳ ಕಾಲಾವಕಾಶ ಸಿಗುತ್ತದೆ.